ಕಂಡದ್ದು, ಕೇಳಿದ್ದು, ಹೇಳಿದ್ದು: ಅಪರಾಧ ಪ್ರಕರಣಗಳಲ್ಲಿ ಸಾಕ್ಷಿಯ ನೆನಪು ಮತ್ತು ಜಾನಪದ

ಹೂವಿನಹಡಗಲಿ ತಾಲ್ಲೂಕಿನ ಹೊಳಲು ಗ್ರಾಮದಲ್ಲಿ ಅನಂತಶಯನನ ಬೃಹತ್ ಶಿಲಾಮೂರ್ತಿಯಿದೆ. ಹೊಸಪೇಟೆಯ ಸಮೀಪದ ಅನಂತಶಯನಗುಡಿಯಲ್ಲಿ ಕೃಷ್ಣದೇವರಾಯನು 1524ರಲ್ಲಿ ಕಟ್ಟಿಸಿದ ದೊಡ್ಡ ದೇವಾಲಯವಿದೆ. ಅದರ ಗರ್ಭಗುಡಿಯ ಉದ್ದನೆಯ ಪೀಠ ಬರಿದಾಗಿದೆ. ಒಂದು ಕಡೆ ಮೂರ್ತಿ, ಇನ್ನೊಂದು ಕಡೆ ಮೂರ್ತಿಯಿಲ್ಲದ ಪೀಠ. ಇವೆರಡರ ನಡುವಣ ತೆರಪನ್ನು ಜನಪದರು ಒಂದು ಐತಿಹ್ಯದಿಂದ ತುಂಬಿದ್ದಾರೆ. ಹೊಳಲಿನ ದೇವರು ರಾಜನ ಹಿಂದೆ ಬರಲು ಒಪ್ಪಿದನಂತೆ, ಹಿಂತಿರುಗಿ ನೋಡಬಾರದೆಂಬ ಷರತ್ತು ಹಾಕಿದನಂತೆ. ರಾಜ ಹಿಂತಿರುಗಿ ನೋಡಿದನಂತೆ, ದೇವರು ಹೊಳಲಿನಲ್ಲೇ ಉಳಿದನಂತೆ.

ಈ ಕಥೆಯಲ್ಲಿ ಕಣ್ಣಿಗೆ ಕಾಣುವ ಸಂಗತಿಗಳು ಎರಡೇ: ಮೂರ್ತಿ ಮತ್ತು ಪೀಠ. ಉಳಿದುದೆಲ್ಲ ಅವುಗಳನ್ನು ಜೋಡಿಸಲು ಹುಟ್ಟಿದ ಕಥನ. ಆದರೆ ಕೇಳುವವನ ಮನಸ್ಸಿನಲ್ಲಿ ಮೊದಲು ನಿಲ್ಲುವುದು ಹಿಂತಿರುಗಿ ನೋಡಿದ ರಾಜನ ಚಿತ್ರವೇ. ಮನುಷ್ಯನ ನೆನಪು ತೆರಪನ್ನು ಸಹಿಸುವುದಿಲ್ಲ. ಬರಿದಾದ ಪೀಠವನ್ನು ಕಂಡೊಡನೆ ಅದರ ಮೇಲೆ ಏನನ್ನಾದರೂ ಪ್ರತಿಷ್ಠಾಪಿಸುತ್ತದೆ. ಐತಿಹ್ಯದಲ್ಲಿ ಇದು ದೋಷವಲ್ಲ, ಸೃಜನಶಕ್ತಿ. ಕೊಲೆ, ಸುಲಿಗೆ, ಅತ್ಯಾಚಾರಗಳ ವಿಚಾರಣೆಯಲ್ಲಿ ಇದೇ ಶಕ್ತಿ ನಿರಪರಾಧಿಯೊಬ್ಬನನ್ನು ಸೆರೆಮನೆಗೆ ಕಳಿಸಬಲ್ಲದು. ಅಪರಾಧ ಪ್ರಕರಣಗಳಲ್ಲಿ ಪ್ರತ್ಯಕ್ಷ ಸಾಕ್ಷಿಯ ನೆನಪನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯನ್ನು ಜಾನಪದ ಅಧ್ಯಯನದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಒಂದು ನುಡಿ, ಸಾವಿರಾರು ಕಿವಿ

ಹೊಳಲಿನ ತಾಲ್ಲೂಕಿನಲ್ಲೇ ಇರುವ ಮೈಲಾರದ ಕಾರಣಿಕ ಈ ಪ್ರಶ್ನೆಗೆ ಒಳ್ಳೆಯ ಪ್ರವೇಶವನ್ನು ಒದಗಿಸುತ್ತದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸ ವ್ರತ ಹಿಡಿದ ಗೊರವಯ್ಯ ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರುತ್ತಾನೆ. ಸದ್ದು ಮಾಡದಿರುವಂತೆ ನೆರೆದವರಿಗೆ ಆಜ್ಞೆಯಾಗುತ್ತದೆ. ಆ ಮೌನದಲ್ಲಿ ಒಂದೇ ಒಂದು ನುಡಿ ಹೊರಬೀಳುತ್ತದೆ; ನುಡಿದವನು ಬಿಲ್ಲಿನಿಂದ ಕೆಳಗೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಅಲ್ಲಿ ನೆರೆದವರೆಲ್ಲರೂ ಪ್ರತ್ಯಕ್ಷ ಸಾಕ್ಷಿಗಳು. ಕೇಳಬೇಕೆಂದೇ ಬಂದವರು, ಕಿವಿಗೊಟ್ಟು ನಿಂತವರು, ಸುಳ್ಳು ಹೇಳುವ ಅಗತ್ಯವಿಲ್ಲದವರು. ಆದರೂ ಆ ನುಡಿ ಮರಡಿಯಿಂದ ಊರೂರಿಗೆ ಹೋಗುವಷ್ಟರಲ್ಲಿ ಪಾಠಾಂತರ ಪಡೆಯುತ್ತದೆ. ಮಳೆಯ ಚಿಂತೆಯಲ್ಲಿರುವ ಒಕ್ಕಲಿಗ ಅದರಲ್ಲಿ ಬೆಳೆಯ ಸೂಚನೆಯನ್ನು ಕೇಳುತ್ತಾನೆ. ರಾಜಕಾರಣದ ಆಸಕ್ತಿಯುಳ್ಳವನು ಸರ್ಕಾರದ ಭವಿಷ್ಯವನ್ನು ಕೇಳುತ್ತಾನೆ.

ಇಲ್ಲಿ ಗಮನಿಸಬೇಕಾದ ಅಂಶ ಎರಡು. ಮೊದಲನೆಯದು, ಕೇಳುವ ಕ್ರಿಯೆಯಲ್ಲೇ ನಿರೀಕ್ಷೆ ಬೆರೆತಿರುತ್ತದೆ. ಎರಡನೆಯದು, ಒಬ್ಬರು ಮತ್ತೊಬ್ಬರೊಡನೆ ಮಾತನಾಡಿದ ಕೂಡಲೇ ಇಬ್ಬರ ನೆನಪುಗಳೂ ಒಂದರ ಕಡೆಗೆ ಒಂದು ವಾಲುತ್ತವೆ. ಜಾತ್ರೆಯ ಮುನ್ಸೂಚನೆಗೆ ಇಂತಹ ವೈವಿಧ್ಯದಿಂದ ಹಾನಿಯಿಲ್ಲ. ಆದರೆ ಹಗಲಿನಲ್ಲಿ, ಮೌನದಲ್ಲಿ, ಆಸ್ಥೆಯಿಂದ ಕೇಳಿದ ಒಂದು ಸಾಲಿನ ಗತಿಯೇ ಹೀಗಾದರೆ, ಕತ್ತಲಲ್ಲಿ, ಗದ್ದಲದಲ್ಲಿ, ಪ್ರಾಣಭಯದ ನಡುವೆ ಕೆಲವೇ ಕ್ಷಣ ಕಂಡ ಮುಖದ ಗತಿಯೇನು?

2. ಶಾಸ್ತ್ರ ಮತ್ತು ಕಥೆಗಳಲ್ಲಿ ಸಾಕ್ಷಿ

ಕನ್ನಡ ನೆಲ ಈ ಸಂಶಯವನ್ನು ಹಿಂದಿನಿಂದಲೂ ಬಲ್ಲದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ಭಾರತದ ಬಹುಭಾಗದಲ್ಲಿ ಪ್ರಮಾಣಗ್ರಂಥವಾಯಿತು. ಆ ಸ್ಮೃತಿಯ ಸಾಕ್ಷಿಪ್ರಕರಣ ಸಾಮಾನ್ಯ ವ್ಯವಹಾರಗಳಲ್ಲಿ ಕನಿಷ್ಠ ಮೂವರು ಸಾಕ್ಷಿಗಳಿರಬೇಕೆಂದು ಹೇಳುತ್ತದೆ. ಹೇಳಿಕೆಗಳು ಭಿನ್ನವಾದರೆ ಬಹುಜನರ ಮಾತಿಗೆ ಮನ್ನಣೆ. ಎರಡೂ ಕಡೆ ಸಮಸಂಖ್ಯೆಯಾದರೆ ಗುಣವಂತರ ಮಾತಿಗೆ ಮನ್ನಣೆ. ಕಳವು, ಹಲ್ಲೆ, ಸಾಹಸ ಎಂಬ ಹಿಂಸಾಪರಾಧಗಳಲ್ಲಿ ಮಾತ್ರ ಈ ಅರ್ಹತೆಗಳನ್ನು ಸಡಿಲಿಸಿ, ಯಾರು ಬೇಕಾದರೂ ಸಾಕ್ಷಿಯಾಗಬಹುದೆಂದು ಅದು ವಿಧಿಸಿತು. ಅಪರಾಧ ನಡೆಯುವಾಗ ಶೀಲವಂತರೇ ಬಳಿಯಲ್ಲಿರುತ್ತಾರೆಂಬ ಭರವಸೆ ಸ್ಮೃತಿಕಾರರಿಗೂ ಇರಲಿಲ್ಲ.

ಅದೇ ಗ್ರಂಥ ಸುಳ್ಳುಗಾರನ ಲಕ್ಷಣಗಳನ್ನೂ ಪಟ್ಟಿ ಮಾಡುತ್ತದೆ: ನಿಂತಲ್ಲಿ ನಿಲ್ಲುವುದಿಲ್ಲ, ತುಟಿಯಂಚನ್ನು ನೆಕ್ಕುತ್ತಾನೆ, ಹಣೆ ಬೆವರುತ್ತದೆ, ಮುಖದ ಬಣ್ಣ ಬದಲಾಗುತ್ತದೆ. ಇವು ಹೆದರಿದವನ ಲಕ್ಷಣಗಳೂ ಹೌದು. ಕೋರ್ಟಿನ ಮೆಟ್ಟಿಲನ್ನು ಮೊದಲ ಸಲ ಹತ್ತಿದ ಕೂಲಿಕಾರನೊಬ್ಬ ನಿಜವನ್ನೇ ಹೇಳುವಾಗಲೂ ಬೆವರುತ್ತಾನೆ. ಮುಖಚರ್ಯೆಯಿಂದ ಸತ್ಯಾಸತ್ಯವನ್ನು ಗುರುತಿಸುವ ಸಾಮರ್ಥ್ಯ ಮನುಷ್ಯರಲ್ಲಿ ಬಹಳ ಕಡಿಮೆಯೆಂಬುದು ಆಧುನಿಕ ಮನೋವಿಜ್ಞಾನದ ನಿಲುವು. ಸಾಕ್ಷಿ, ಲೇಖ, ಭುಕ್ತಿಗಳು ಇಲ್ಲದೆಡೆ ಪ್ರಾಚೀನರು ದಿವ್ಯದ ಮೊರೆಹೋದರು. ಕಿತ್ತೂರಿನಲ್ಲಿ ದೊರೆತ ಗೋವೆಯ ಕದಂಬರ 12ನೆಯ ಶತಮಾನದ ಶಾಸನ, ಎರಡು ದೇವಾಲಯಗಳ ಆಚಾರ್ಯರ ನಡುವಣ ಭೂವಿವಾದವನ್ನು ಕಾದ ನೇಗಿಲ ಕುಳವನ್ನು ಹಿಡಿಯುವ ಫಳದಿವ್ಯದಿಂದ ತೀರ್ಮಾನಿಸಿದುದನ್ನು ದಾಖಲಿಸಿದೆ. ಮನುಷ್ಯಸಾಕ್ಷಿ ಸಾಲದಾದಾಗ ಬೆಂಕಿಯನ್ನೇ ಸಾಕ್ಷಿಗೆ ಕರೆದ ಕಾಲವದು.

ಕಥಾಲೋಕ ಶಾಸ್ತ್ರಕ್ಕಿಂತ ತೀಕ್ಷ್ಣವಾಗಿದೆ. 11ನೆಯ ಶತಮಾನದ ದುರ್ಗಸಿಂಹನ ಪಂಚತಂತ್ರದಲ್ಲಿ ಬರುವ ಧರ್ಮಬುದ್ಧಿ-ದುಷ್ಟಬುದ್ಧಿಯರ ಕಥೆಯಲ್ಲಿ ಆಲದ ಮರವೇ ಸಾಕ್ಷಿ ನುಡಿಯುತ್ತದೆ. ಪೊಟರೆಯೊಳಗೆ ದುಷ್ಟಬುದ್ಧಿಯ ತಂದೆ ಅಡಗಿದ್ದಾನೆಂಬುದು ಹೊಗೆ ಹಾಕಿದ ಮೇಲೆಯೇ ತಿಳಿಯುವುದು. ಇದು ಸುಳ್ಳುಸಾಕ್ಷಿಯ ಕಥೆ. ಮುಂಗುಸಿಯ ಕಥೆ ಇನ್ನೂ ಸೂಕ್ಷ್ಮವಾದುದು. ಅದರ ಬಾಯಲ್ಲಿದ್ದ ರಕ್ತವನ್ನು ತಾಯಿ ಸರಿಯಾಗಿಯೇ ಕಂಡಳು. ಮಗುವನ್ನು ಕೊಂದಿತೆಂಬುದನ್ನು ಮಾತ್ರ ಅವಳು ಕಾಣಲಿಲ್ಲ, ಊಹಿಸಿದಳು. ಕಂಡದ್ದಕ್ಕೂ ಊಹಿಸಿದ್ದಕ್ಕೂ ನಡುವೆ ಅವಳಿಗೆ ಗೆರೆಯೇ ಕಾಣಲಿಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಎಚ್ಚರಿಸುವುದು ಸುಳ್ಳುಗಾರನ ವಿರುದ್ಧವಲ್ಲ, ಪ್ರಾಮಾಣಿಕನ ಕಣ್ಣಿನ ವಿರುದ್ಧ. ಅಪರಾಧ ವಿಚಾರಣೆಯ ಕಠಿಣ ಸಮಸ್ಯೆಯೂ ಇದೇ.

3. ಒಂದು ಕೊಲೆ, ಹಲವು ಕಥನ

ನಡೆದ ಅಪರಾಧವೊಂದು ಸಮುದಾಯದ ನೆನಪಿನಲ್ಲಿ ಯಾವ ರೂಪ ತಾಳುತ್ತದೆ ಎಂಬುದಕ್ಕೆ ಉತ್ತರ ಕರ್ನಾಟಕದಲ್ಲಿ ಸುಪ್ರಸಿದ್ಧ ನಿದರ್ಶನ ಸಂಗ್ಯಾ-ಬಾಳ್ಯಾರದು. ಬೈಲಹೊಂಗಲದಲ್ಲಿ 19ನೆಯ ಶತಮಾನದಲ್ಲಿ ನಡೆದುದೆಂದು ಹೇಳಲಾಗುವ ಈ ಕೊಲೆಯ ಎಳೆ ಸರಳವಾದುದು. ಸಂಗ್ಯಾ ವ್ಯಾಪಾರಿ ಈರ್ಯಾನ ಹೆಂಡತಿ ಗಂಗಿಗೆ ಮನಸೋತ. ಈರ್ಯಾ ಊರಲ್ಲಿಲ್ಲದಾಗ ಸಂಬಂಧ ಬೆಳೆಯಿತು. ಗೆಳೆಯ ಬಾಳ್ಯಾನ ದ್ರೋಹದಿಂದ ಸಂಗ್ಯಾ ಈರ್ಯಾ ಮತ್ತು ಅವನ ಸೋದರರ ಕೈಗೆ ಸಿಕ್ಕಿ ಹತನಾದ. ಈ ಘಟನೆ ಲಾವಣಿಯಾಯಿತು. ಬೈಲವಾಡದ ಪತ್ತಾರ ಮಾಸ್ತರರಿಂದ ಸಣ್ಣಾಟವಾಗಿ ಊರೂರುಗಳ ಅಟ್ಟವನ್ನೇರಿತು. ಮುಂದೆ ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಪ್ರಕಟಿಸಿದರು.

ಜೆ.ಎಫ್. ಫ್ಲೀಟ್ 1885ರ ಸುಮಾರಿಗೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗ್ಯಾನ ಲಾವಣಿಯೂ ಒಂದು. ಅದಕ್ಕೆ ಅವನು ಕೊಟ್ಟ ಇಂಗ್ಲಿಷ್ ಶೀರ್ಷಿಕೆಯ ಅರ್ಥ ‘ಸಂಗ್ಯಾನ ಅಪರಾಧ ಮತ್ತು ಮರಣ’. ಕೊಲೆಯಾದವನೇ ಇಲ್ಲಿ ಅಪರಾಧಿ. ಸಣ್ಣಾಟದ ಪ್ರೇಕ್ಷಕನಿಗಾದರೋ ಅದೇ ಸಂಗ್ಯಾ ಗೆಳೆಯನನ್ನು ನಂಬಿ ಕೆಟ್ಟವನು. ಅವನ ಕಣ್ಣಲ್ಲಿ ದೊಡ್ಡ ಪಾತಕ ಬಾಳ್ಯಾನದು. ಯಾರು ಹೇಳುತ್ತಾರೆ, ಯಾರಿಗೆ ಹೇಳುತ್ತಾರೆ, ಯಾವ ಪ್ರಕಾರದಲ್ಲಿ ಹೇಳುತ್ತಾರೆ ಎಂಬುದಕ್ಕನುಗುಣವಾಗಿ ಅಪರಾಧಿಯ ಸ್ಥಾನವೇ ಬದಲಾಯಿತು.

ಇನ್ನೊಂದು ಅಂಶ ಹೆಚ್ಚು ಮಹತ್ವದ್ದು. ಸಂಗ್ಯಾ ಮತ್ತು ಗಂಗಿಯರ ಏಕಾಂತದ ಮಾತಿಗೆ ಮೂರನೆಯ ಕಿವಿಯಿರಲಿಲ್ಲ. ಆದರೆ ಆಟ ನೋಡಿದವನಿಗೆ ಆ ಸಂಭಾಷಣೆ ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ ಸಂಗತಿ. ಹತ್ತು ಸಲ ಆಟ ನೋಡಿದ ಹಳ್ಳಿಗನಿಗೆ ಕೊಲೆಯ ವಿವರಗಳು ‘ಗೊತ್ತು’. ಕೇಳಿದ್ದು ಕಂಡದ್ದಾಗಿ ಮಾರ್ಪಡುವ ಪ್ರಕ್ರಿಯೆ ಇಲ್ಲಿ ಬಯಲಿನಲ್ಲೇ ನಡೆಯುತ್ತದೆ. ಊರಿನಲ್ಲಿ ಕೊಲೆಯಾದ ಮರುದಿನ ಕಟ್ಟೆಯ ಮೇಲೆ, ಹೋಟೆಲಿನಲ್ಲಿ, ಬಸ್ ನಿಲ್ದಾಣದಲ್ಲಿ ನಡೆಯುವ ಮಾತುಕತೆ ಇದೇ ಪ್ರಕ್ರಿಯೆಯ ಸಣ್ಣ ರೂಪ. ಅಲ್ಲಿ ಕೇಳಿದ ವಿವರವೊಂದು ಸಾಕ್ಷಿಯ ನೆನಪಿನೊಳಗೆ ಸೇರಿಕೊಂಡರೆ, ಅದು ಹೊರಗಿನಿಂದ ಬಂದುದೆಂದು ಸಾಕ್ಷಿಗೇ ತಿಳಿಯುವುದಿಲ್ಲ.

ಹಾಗೆಂದು ಜನಪದ ನೆನಪು ನಿರರ್ಥಕವಲ್ಲ. ಹಲಗಲಿಯ ಬೇಡರು 1857ರಲ್ಲಿ ನಿಶ್ಶಸ್ತ್ರೀಕರಣದ ವಿರುದ್ಧ ಬಂಡೆದ್ದರೆಂಬುದನ್ನು, ಏಕೆ ಎದ್ದರೆಂಬುದನ್ನು ಲಾವಣಿ ಗಟ್ಟಿಯಾಗಿ ಕಾಪಾಡಿದೆ. ಘಟನೆಯ ತಿರುಳು, ಅದರ ನೋವು, ಅದರ ಅರ್ಥ ಸಮುದಾಯದ ನೆನಪಿನಲ್ಲಿ ಬಹುಕಾಲ ಉಳಿಯುತ್ತವೆ. ಮುಖ, ವೇಳೆ, ಸಂಖ್ಯೆ, ಅನುಕ್ರಮಗಳು ಬೇಗ ಕರಗುತ್ತವೆ. ದುರ್ದೈವವೆಂದರೆ, ಅಪರಾಧ ನ್ಯಾಯಾಲಯ ಸಾಕ್ಷಿಯನ್ನು ಹೆಚ್ಚಾಗಿ ಕೇಳುವುದು ಬೇಗ ಕರಗುವ ಇವುಗಳನ್ನೇ.

4. ಪ್ರಯೋಗಗಳು ತೋರಿಸಿದ್ದು

ನೆನಪಿನ ಈ ಸ್ವಭಾವವನ್ನು ಪರೀಕ್ಷಿಸಲು ಕೇಂಬ್ರಿಜ್‌ನ ಮನೋವಿಜ್ಞಾನಿ ಎಫ್.ಸಿ. ಬಾರ್ಟ್ಲೆಟ್ ಆರಿಸಿಕೊಂಡದ್ದು ಒಂದು ಜನಪದ ಕಥೆಯನ್ನು. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲೆಂಡಿನ ಓದುಗರಿಗೆ ಕೊಟ್ಟು, ಕಾಲಾಂತರದಲ್ಲಿ ಮತ್ತೆ ಮತ್ತೆ ಬರೆಸಿದ. ಕಥೆ ಚಿಕ್ಕದಾಗುತ್ತ ಹೋಯಿತು. ಅಪರಿಚಿತ ವಿವರಗಳು ಉದುರಿ, ಓದುಗರ ಲೋಕಕ್ಕೆ ಪರಿಚಿತವಾದವು ಬಂದು ಸೇರಿದವು. 1932ರಲ್ಲಿ ಪ್ರಕಟವಾದ ಅವನ ಗ್ರಂಥದ ತಾತ್ಪರ್ಯ ಇಷ್ಟು: ನೆನಪಿಸಿಕೊಳ್ಳುವುದೆಂದರೆ ಇಟ್ಟದ್ದನ್ನು ಹಾಗೆಯೇ ತೆಗೆಯುವುದಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವುದು. ಕಥೆಗಾರರ ಪಾಠಾಂತರಗಳನ್ನು ಸಂಗ್ರಹಿಸಿದ ಜಾನಪದ ವಿದ್ವಾಂಸರಿಗೆ ಇದು ಪರಿಚಿತ ಸತ್ಯವೇ.

ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ನಡೆಸಿದ ಪ್ರಯೋಗ ನೇರವಾಗಿ ಸಾಕ್ಷಿಗೆ ಸಂಬಂಧಿಸಿದ್ದು. ವಿದ್ಯಾರ್ಥಿಗಳಿಗೆ ಕಾರುಗಳ ಅಪಘಾತದ ಚಿತ್ರ ತೋರಿಸಿ, ವೇಗವೆಷ್ಟಿತ್ತೆಂದು ಕೇಳಲಾಯಿತು. ಪ್ರಶ್ನೆಯಲ್ಲಿ ‘ತಾಗಿದಾಗ’ ಎಂಬ ಅರ್ಥದ ಕ್ರಿಯಾಪದವಿದ್ದರೆ ಸರಾಸರಿ ಉತ್ತರ ಗಂಟೆಗೆ 31.8 ಮೈಲಿ, ‘ಅಪ್ಪಳಿಸಿ ನುಚ್ಚುನೂರಾದಾಗ’ ಎಂಬರ್ಥದ ಪದವಿದ್ದರೆ 40 ಮೈಲಿಗೂ ಹೆಚ್ಚು. ಇದೇ ಬಗೆಯ ಮತ್ತೊಂದು ಪ್ರಯೋಗದಲ್ಲಿ ಒಂದು ವಾರದ ಬಳಿಕ, ಒಡೆದ ಗಾಜನ್ನು ಕಂಡಿರಾ ಎಂದು ಕೇಳಿದಾಗ, ಕಟುಪದದ ಪ್ರಶ್ನೆ ಎದುರಿಸಿದ 50 ಜನರಲ್ಲಿ 16 ಮಂದಿ ಹೌದೆಂದರು. ಸೌಮ್ಯವಾದ ಪದದ ಗುಂಪಿನ 50ರಲ್ಲಿ ಹಾಗೆಂದವರು 7 ಮಂದಿ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ವಿಚಾರಿಸುವ ಅಧಿಕಾರಿಯ ಒಂದು ಪದ ಸಾಕ್ಷಿಯ ಕಣ್ಣಿಗೆ ಇಲ್ಲದ್ದನ್ನು ತೋರಿಸಬಲ್ಲದು.

ಇದರ ಪರಿಣಾಮ ಪ್ರಯೋಗಶಾಲೆಗೆ ಸೀಮಿತವಲ್ಲ. ಅಮೆರಿಕದಲ್ಲಿ 1989ರಿಂದೀಚೆಗೆ ಡಿ.ಎನ್.ಎ. ಪರೀಕ್ಷೆಯ ಬಲದಿಂದ ನಿರಪರಾಧಿಗಳೆಂದು ಸಾಬೀತಾಗಿ ಬಿಡುಗಡೆಯಾದ ಮುನ್ನೂರಕ್ಕೂ ಹೆಚ್ಚು ಜನರ ಪ್ರಕರಣಗಳಲ್ಲಿ ಸುಮಾರು ಮೂರನೆಯ ಎರಡು ಪಾಲಿನಲ್ಲಿ ಪ್ರತ್ಯಕ್ಷ ಸಾಕ್ಷಿಗಳ ತಪ್ಪು ಗುರುತಿಸುವಿಕೆ ಸೇರಿತ್ತು. ಅಂತಹ ಸಾಕ್ಷಿಗಳೆಲ್ಲ ಸುಳ್ಳು ಹೇಳಿದವರಲ್ಲ. ಅನೇಕರು ಪ್ರಾಮಾಣಿಕವಾಗಿ, ದೃಢವಾಗಿ ತಪ್ಪು ಹೇಳಿದವರು. ಮೊದಲ ಸಲ ‘ಇವನೇ ಇರಬಹುದು’ ಎಂದದ್ದು, ಪೊಲೀಸರ ಸಮ್ಮತಿ ಮತ್ತು ಪುನರಾವರ್ತನೆಗಳ ಬಳಿಕ ನ್ಯಾಯಾಲಯದಲ್ಲಿ ‘ಇವನೇ’ ಆಯಿತು.

5. ನಮ್ಮ ನ್ಯಾಯಾಲಯಗಳು

ಭಾರತೀಯ ಸಾಕ್ಷ್ಯ ಅಧಿನಿಯಮ 1872ರಿಂದ ಜಾರಿಯಲ್ಲಿದ್ದು, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಬಂದಿದೆ. ಒಂದು ಸಂಗತಿಯನ್ನು ರುಜುವಾತುಪಡಿಸಲು ಇಂತಿಷ್ಟೇ ಸಾಕ್ಷಿಗಳು ಬೇಕೆಂಬ ನಿಯಮ ಎರಡರಲ್ಲೂ ಇಲ್ಲ. ಮಿತಾಕ್ಷರೆಯ ‘ಮೂವರು’ ಇಲ್ಲಿ ಕಡ್ಡಾಯವಲ್ಲ. ವಡಿವೇಲು ತೇವರ್ ಪ್ರಕರಣದಲ್ಲಿ (1957) ಸರ್ವೋಚ್ಚ ನ್ಯಾಯಾಲಯ ಸಾಕ್ಷಿಗಳನ್ನು ಸಂಪೂರ್ಣ ನಂಬಲರ್ಹರು, ಸಂಪೂರ್ಣ ನಂಬಲನರ್ಹರು, ಇವೆರಡೂ ಅಲ್ಲದವರು ಎಂದು ಮೂರು ವರ್ಗವಾಗಿ ವಿಂಗಡಿಸಿತು. ಮೂರನೆಯ ವರ್ಗದವರ ಮಾತಿಗೆ ಬೇರೆ ಪುರಾವೆಯ ಬೆಂಬಲ ಬೇಕು. ದೊಡ್ಡ ಗುಂಪಿನ ಹಿಂಸಾಚಾರದಲ್ಲಿ ಒಬ್ಬ ಆರೋಪಿಯನ್ನು ಇಬ್ಬರು, ಮೂವರು ಅಥವಾ ಹೆಚ್ಚು ಸಾಕ್ಷಿಗಳು ಸುಸಂಗತವಾಗಿ ಹೆಸರಿಸಿದ್ದಾರೆಯೇ ಎಂದು ನೋಡುವ ಪರೀಕ್ಷೆಯನ್ನು ಮಸಾಲ್ತಿ ಪ್ರಕರಣ (1964) ಒಪ್ಪಿತು. ಮೊದಲು ಕಂಡರಿಯದ ಆರೋಪಿಯನ್ನು ಗುರುತು ಪರೇಡ್ ನಡೆಸದೆ ನೇರವಾಗಿ ಕಟಕಟೆಯಲ್ಲಿ ತೋರಿಸಿದರೆ ಅದಕ್ಕೆ ಬೆಲೆಯಿಲ್ಲವೆಂದು ಕಣ್ಣನ್ ಪ್ರಕರಣ (1979) ಹೇಳಿತು. ಕಟಕಟೆಯಲ್ಲಿ ನಿಂತಿರುವವನು ಒಬ್ಬನೇ. ಅವನನ್ನು ಬಿಟ್ಟು ಬೇರೆ ಯಾರನ್ನು ಸಾಕ್ಷಿ ತೋರಿಸಬಲ್ಲ?

ಭರವಾಡ ಭೋಗಿನ್‌ಭಾಯಿ ಪ್ರಕರಣದ ತೀರ್ಪು (1983) ಈ ಚರ್ಚೆಗೆ ಅತ್ಯಂತ ಪ್ರಸ್ತುತವಾದುದು. ಸಾಕ್ಷಿಯ ಬಳಿ ಛಾಯಾಚಿತ್ರದಂತಹ ನೆನಪು ಇರುವುದಿಲ್ಲ, ಘಟನೆ ವಿಡಿಯೋ ಸುರುಳಿಯಂತೆ ಮನಸ್ಸಿನಲ್ಲಿ ಮರುಚಾಲನೆಯಾಗುವುದಿಲ್ಲ, ಆದ್ದರಿಂದ ಮೂಲಕ್ಕೆ ಧಕ್ಕೆ ತಾರದ ಸಣ್ಣಪುಟ್ಟ ವ್ಯತ್ಯಾಸಗಳನ್ನು ದೊಡ್ಡದು ಮಾಡಬಾರದು ಎಂಬುದು ಅದರ ಸಾರ. ಕಥನದ ಪಾಠಾಂತರ ಸುಳ್ಳಲ್ಲವೆಂಬ ಜಾನಪದ ತತ್ತ್ವವನ್ನೇ ನ್ಯಾಯಾಲಯ ತನ್ನ ಭಾಷೆಯಲ್ಲಿ ಹೇಳಿದೆ. ಪಾಟೀಸವಾಲಿನಲ್ಲಿ ಗಂಟೆ, ದೂರ, ಬಟ್ಟೆಯ ಬಣ್ಣಗಳ ಬಗ್ಗೆ ತಡವರಿಸುವ ಕೂಲಿ ಹೆಂಗಸನ್ನು ಸುಳ್ಳುಗಾತಿಯೆಂದು ತಳ್ಳಿಹಾಕುವ ವಾದಕ್ಕೆ ಇದು ತಡೆ. ವ್ಯತ್ಯಾಸವೇ ಇಲ್ಲದೆ ನಾಲ್ಕು ಜನ ಒಂದೇ ಮಾತಿನಲ್ಲಿ ಒಪ್ಪಿಸುವ ಹೇಳಿಕೆಯನ್ನೇ ಹೆಚ್ಚು ಸಂಶಯಿಸಬೇಕು. ಅದು ಕಂಠಪಾಠವಾಗಿರುವ ಸಂಭವವುಂಟು.

ನೆನಪಿನ ತಪ್ಪು ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ ಎಂಬುದನ್ನೂ ಇತಿಹಾಸ ತೋರಿಸುತ್ತದೆ. ನೋಡುವವನ ನಿರೀಕ್ಷೆ ನೆನಪನ್ನು ತಿದ್ದುವುದಾದರೆ, ಆ ನಿರೀಕ್ಷೆಯನ್ನು ರೂಪಿಸಿದವರು ಯಾರೆಂದು ಕೇಳಬೇಕಾಗುತ್ತದೆ. ಹಡಗಲಿ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದ್ರಾಸಿನ ಆಡಳಿತಕ್ಕೊಳಪಟ್ಟಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ವ್ಯವಸ್ಥೆ 1911ರ ಕಾಯಿದೆಯ ಮೂಲಕ ಮದ್ರಾಸ್ ಆಧಿಪತ್ಯಕ್ಕೂ ವಿಸ್ತರಿಸಿತು. ಕೊರಚರಂತಹ ಅಲೆಮಾರಿಗಳು ಹುಟ್ಟಿನಿಂದಲೇ ಶಂಕಿತರಾದರು. ಕಾಯಿದೆ ದೇಶಾದ್ಯಂತ 1952ರಲ್ಲಿ ರದ್ದಾಯಿತು, ಆದರೆ ಕಳವಾದಾಗ ಊರ ಕಣ್ಣು ಮೊದಲು ಯಾವ ಗುಡಿಸಲಿನ ಕಡೆ ಹೊರಳಬೇಕೆಂಬ ಅಭ್ಯಾಸ ಅದರೊಂದಿಗೇ ರದ್ದಾಗಲಿಲ್ಲ. ಕತ್ತಲಲ್ಲಿ ಕಂಡ ಅಸ್ಪಷ್ಟ ಮುಖಕ್ಕೆ ನೆನಪು ಹಚ್ಚುವ ಬಣ್ಣ ಈ ಅಭ್ಯಾಸದಿಂದಲೇ ಬರುತ್ತದೆ.

ಗುರುತಿಸುವಿಕೆಯ ತಪ್ಪು ಯಾರನ್ನು ತಟ್ಟುತ್ತದೆಂಬುದಕ್ಕೆ ಇತ್ತೀಚಿನ ಉದಾಹರಣೆಯೊಂದು ಕೊಡಗಿನದು. ಅಲ್ಲಿನ ಬುಡಕಟ್ಟು ಸಮುದಾಯದ ವ್ಯಕ್ತಿಯೊಬ್ಬರ ಪತ್ನಿ ಕಾಣೆಯಾದರು. ಬೇರೆಡೆ ದೊರೆತ ಅಸ್ಥಿಪಂಜರವನ್ನು ಆಕೆಯದೆಂದು ಗುರುತಿಸಿ, ಪತಿಯ ಮೇಲೆ ಕೊಲೆಯ ಆರೋಪ ಹೊರಿಸಲಾಯಿತು. ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದರು. ಡಿ.ಎನ್.ಎ. ಹೊಂದಿಕೆಯಾಗಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ ಮಹಿಳೆ ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡರು, ಪತಿ ದೋಷಮುಕ್ತರಾದರು. ಇಲ್ಲಿ ಬರಿದಾದ ಪೀಠದ ಮೇಲೆ ಕೂರಿಸಿದ್ದು ಇಡೀ ಒಂದು ಸಾವನ್ನೇ.

ಆದರೆ ಸಾಕ್ಷ್ಯದ ಸೋಲೆಲ್ಲವೂ ನೆನಪಿನ ಸೋಲಲ್ಲ. ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ಸಾಕ್ಷಿಗಳು ಪ್ರತಿಕೂಲರಾದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಅಲ್ಲಿ ಕಂಡದ್ದು ಮರೆತುಹೋಗಿತ್ತೆಂದು ಹೇಳುವುದು ನೊಂದವರಿಗೆ ಮಾಡುವ ಅಪಚಾರ. ನೆನಪಿನ ದೌರ್ಬಲ್ಯದ ಕುರಿತ ತಿಳಿವಳಿಕೆ, ಬಲಿಷ್ಠರು ಬಲಹೀನರ ಬಾಯಿ ಮುಚ್ಚಿಸಲು ಬಳಸುವ ಸಾಧನವಾಗಬಾರದು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಂಗೀಕರಿಸಿದ ಸಾಕ್ಷಿ ಸಂರಕ್ಷಣಾ ಯೋಜನೆಯ ಮಹತ್ವ ಇರುವುದು ಇಲ್ಲಿಯೇ.

6. ಸಮಾರೋಪ

ಜಾನಪದ ಕ್ಷೇತ್ರಕಾರ್ಯದ ಶಿಸ್ತಿನಿಂದ ಅಪರಾಧ ತನಿಖೆ ಕಲಿಯಬಹುದಾದುದು ಉಂಟು. ವಕ್ತೃವಿನ ಮೊದಲ ಹೇಳಿಕೆಯನ್ನು ಅವನ ಆಡುಮಾತಿನಲ್ಲೇ ದಾಖಲಿಸುವುದು. ಯಾವ ಪ್ರಶ್ನೆಗೆ ಯಾವ ಉತ್ತರ ಬಂತೆಂದು ಗುರುತಿಸುವುದು. ಜೊತೆಯಲ್ಲಿ ಯಾರಿದ್ದರೆಂದು ಬರೆಯುವುದು. ಒಬ್ಬನ ಪಾಠ ಇನ್ನೊಬ್ಬನ ಕಿವಿಗೆ ಬೀಳುವ ಮುನ್ನವೇ ಇಬ್ಬರದನ್ನೂ ಬೇರೆ ಬೇರೆಯಾಗಿ ಪಡೆಯುವುದು. ಕಂಡದ್ದನ್ನೂ ಕೇಳಿದ್ದನ್ನೂ ಪ್ರತ್ಯೇಕಿಸುವುದು. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಹಡಗಲಿ ಸೀಮೆಯ ಆಡುಮಾತು ಕಚೇರಿಯ ಭಾಷೆಗೆ ತಿರುಗುತ್ತದೆ. ವರ್ಷಗಳ ಬಳಿಕ ಪಾಟೀಸವಾಲಿನಲ್ಲಿ ಸಾಕ್ಷಿ ತಾನು ಆಡದ ಪದಗಳಿಗೆ ಉತ್ತರ ಕೊಡಬೇಕಾಗುತ್ತದೆ. ಹೇಳಿಕೆಯನ್ನು ಧ್ವನಿ-ದೃಶ್ಯ ಮಾಧ್ಯಮದಲ್ಲಿ ದಾಖಲಿಸುವ ಅವಕಾಶ ದಂಡ ಪ್ರಕ್ರಿಯಾ ಸಂಹಿತೆಗೆ ತಂದ 2008ರ ತಿದ್ದುಪಡಿ ಕಾಯಿದೆಯಿಂದಲೇ ಒದಗಿದೆ. ಆ ಅವಕಾಶ ವಾಡಿಕೆಯಾದರೆ ಮೊದಲ ಪಾಠ ಉಳಿಯುತ್ತದೆ.

ಒಟ್ಟಾರೆ, ಸಾಕ್ಷಿಯ ದೃಢತೆ ಸತ್ಯದ ಗುರುತಲ್ಲ, ತಡವರಿಕೆ ಸುಳ್ಳಿನ ಗುರುತಲ್ಲ. ಹೆಚ್ಚು ಬೆಲೆಯುಳ್ಳದ್ದು ಮೊದಲ ಹೇಳಿಕೆ. ಅದಕ್ಕೂ ನೆನಪಿನ ಹೊರಗಿನ ಆಧಾರ ಬೇಕು. ಹೊಳಲಿನ ಐತಿಹ್ಯವನ್ನು ಕೇಳುವಾಗ ರಾಜ ನಿಜವಾಗಿ ಹಿಂತಿರುಗಿ ನೋಡಿದನೇ ಎಂದು ಯಾರೂ ವಿಚಾರಣೆ ನಡೆಸಬೇಕಾಗಿಲ್ಲ. ಮೂರ್ತಿಯೂ ಪೀಠವೂ ಇಂದಿಗೂ ತಮ್ಮ ತಮ್ಮ ಸ್ಥಳದಲ್ಲಿವೆ. ನ್ಯಾಯಾಲಯಕ್ಕೆ ಆ ಸೌಲಭ್ಯವಿಲ್ಲ. ಅದರ ಎದುರಿನ ಕಥನದ ಕೊನೆಯಲ್ಲಿ ಒಬ್ಬ ಮನುಷ್ಯನ ಬಿಡುಗಡೆಯೋ ಬಂಧನವೋ ಇರುತ್ತದೆ. ಆದ್ದರಿಂದ ಪೀಠ ಬರಿದಾಗಿದ್ದರೆ ಬರಿದೆಂದೇ ದಾಖಲಿಸುವ ಧೈರ್ಯ ಅದಕ್ಕೆ ಬೇಕು.